ಪಂಜರದೊಳಗಿನ ಹಸಿರು ಪೊಟ್ಟಣ

ಆರನೇ ಸಲವೂ ಬೆರಳಚ್ಚು ಹೊಂದಲಿಲ್ಲ.

ಪರದೆಯ ಮೇಲೆ ಎರಡು ಉದ್ದನೆಯ ಸಾಲುಗಳು, ಒಂದರ ಕೆಳಗೊಂದು. ಮೇಲಿನದು ತೈನಾನ್‌ನ ಯಂತ್ರ ಕಳಿಸಿದ್ದು. ಕೆಳಗಿನದು ನಮ್ಮ ತೈಪೆಯ ಯಂತ್ರ ಈಗಷ್ಟೇ ಉಗುಳಿದ್ದು. ಮೊದಲ ಅಕ್ಷರವೇ ಬೇರೆ. ಸಿಟ್ಟಿನಲ್ಲಿ ಕೀಬೋರ್ಡನ್ನು ತಳ್ಳಿದೆ. ಅದು ಹೋಗಿ ಯಾಜು ಅಕ್ಕನ ಊಟದ ಡಬ್ಬಿಗೆ ಬಡಿಯಿತು.

"ಏಯ್! ನನ್ನ ಮೊಟ್ಟೆ ಏನು ಮಾಡ್ತು ನಿಂಗೆ?"

"ಆರು ಸಲ ಅಕ್ಕಾ. ಒಂದೊಂದಕ್ಕೂ ಮೂರೂವರೆ ಗಂಟೆ. ಅದೇ ಕೋಡು, ಅದೇ ಕ್ರಮ, ಅದೇ ಕೆಟ್ಟ ಉತ್ತರ!"

"ಏಳನೇದಕ್ಕೆ ಟೈಮಿಲ್ಲ ತಾಯಿ. ಈಗ ಒಂದೂವರೆ. ಐದಕ್ಕೆ ಸಭೆ." ಲಿಯೆನ್ ಯಾಜು ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳು ನಮ್ಮ ಸಂಘದ ಕಾರ್ಯದರ್ಶಿ. ಬೇಯಿಸಿದ ಹಂದಿಮಾಂಸದ ಅನ್ನವನ್ನಾಗಲೀ ಬೇರೆಯವರ ತಪ್ಪನ್ನಾಗಲೀ ಅರ್ಧಕ್ಕೆ ಬಿಟ್ಟವಳಲ್ಲ.

ನಾವು ಕಟ್ಟುವುದು 'ಶಿಹು'. ಮಿಯಾವ್‌ಲಿ ಗುಡ್ಡಗಳ ಪುಟ್ಟ ಚುಕ್ಕೆಬೆಕ್ಕಿನ ಹೆಸರಿಟ್ಟುಕೊಂಡ ಆಪರೇಟಿಂಗ್ ಸಿಸ್ಟಮ್. ಕ್ಲಿನಿಕ್ಕುಗಳ ಚೀಟಿ ಕೌಂಟರಿನಲ್ಲಿ, ಶಾಲೆಗಳಲ್ಲಿ, ಮೀನುಗಾರರ ಸಂಘದ ಕಚೇರಿಗಳಲ್ಲಿ ಅದು ಓಡುತ್ತದೆ. ಯಾರು ಬೇಕಾದರೂ ಅದರ ಮೂಲ ಕೋಡನ್ನು ಓದಬಹುದು, ತಾವೇ ಕಟ್ಟಿಕೊಳ್ಳಬಹುದು. ಆದರೆ ಯಾರೂ ಕಟ್ಟಿಕೊಳ್ಳುವುದಿಲ್ಲ, ನಾವು ಕಟ್ಟಿಕೊಟ್ಟದ್ದನ್ನೇ ನಂಬಿ ಹಾಕಿಕೊಳ್ಳುತ್ತಾರೆ.

ಆ ನಂಬಿಕೆಗೆ ಆಧಾರ ಒಂದೇ. ಒಂದೇ ಕೋಡನ್ನು ಒಂದೇ ಕ್ರಮದಲ್ಲಿ ಎರಡು ಊರುಗಳಲ್ಲಿ ಕಟ್ಟಿದರೂ ಫಲ ಒಂದೇ ಆಗಿರಬೇಕು. ಒಂದು ಚುಕ್ಕಿಯೂ ಹೆಚ್ಚು ಕಡಿಮೆ ಆಗಕೂಡದು. ಅದಕ್ಕೇ ಕಟ್ಟಿದ್ದರಿಂದ ಲೆಕ್ಕಹಾಕಿ ತೆಗೆದ ಅಕ್ಷರಸಾಲನ್ನು, ಅಂದರೆ ಅದರ ಬೆರಳಚ್ಚನ್ನು, ಹೋಲಿಸುತ್ತೇವೆ.

ಏಪ್ರಿಲ್ ಎರಡರಂದು ನಾವು ಹೊರಬಿಟ್ಟ ಶಿಹು ಹೊಂದಲಿಲ್ಲ. ತೈಪೆಯಲ್ಲಿ ಕಟ್ಟಿದ್ದರಲ್ಲಿ ಮುನ್ನೂರ ಹನ್ನೆರಡು ಬೈಟುಗಳು ಹೆಚ್ಚಿಗೆ ಇದ್ದವು. ಅದೂ ಎಲ್ಲಿ? ಪಾಸ್‌ವರ್ಡ್ ಪರೀಕ್ಷಿಸುವ ಜಾಗದಲ್ಲಿ. ಮನೆಬಾಗಿಲಿಗೆ ಯಾರೋ ಇನ್ನೊಂದು ಕೀಲಿಕೈ ಮಾಡಿಸಿಕೊಂಡಂತೆ.

ಕಟ್ಟುವ ಹೊಣೆ ವೆನ್ ಚಿಹಾವ್‌ನದು. ಹಾಗಾಗಿ ಬೆರಳುಗಳೆಲ್ಲ ಅವನ ಕಡೆಗೇ. ಇದನ್ನು ಮಾಡಿದವರು ಬೇರೆ ಎಂದು ಇವತ್ತು ಐದು ಗಂಟೆಯೊಳಗೆ ನಾನು ತೋರಿಸದಿದ್ದರೆ ಅವನ ಸಹಿ ರದ್ದು. ಹನ್ನೊಂದು ವರ್ಷಗಳಲ್ಲಿ ಅವನು ಸಹಿ ಹಾಕಿದ ಪ್ರತಿಯೊಂದೂ ಸಂಶಯದ ಪಟ್ಟಿಗೆ. ಆಮೇಲೆ ಈ ಲೋಕದಲ್ಲಿ ಅವನಿಂದ ಒಂದು ಸಾಲು ಕೋಡನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ. ನನಗೆ ಕೋಡು ಓದಲು ಕಲಿಸಿದವನು ಅವನು.

"ನಲವತ್ತೊಂದು ಸಾವಿರ ಕಡತ ನೋಡಿದೀನಿ ಅಕ್ಕಾ. ಒಂದೊಂದನ್ನೂ."

"ನೋಡಿದೀಯ. ಆದರೆ ಚಿಹಾವೇ ಮಾಡಿರಬಹುದು ಅನ್ನೋ ಒಂದು ಕಡತ ಮಾತ್ರ ನಿನ್ನ ತಲೇಲಿ ಓಪನ್ನೇ ಆಗಲ್ಲ."

ನಾನು ಮತ್ತೆ ಪರದೆಗೆ ತಿರುಗಿದೆ.

ಶಿಹುವಿನ ಕೋಡು ನನಗೆ ಯಾವಾಗಲೂ ದೊಡ್ಡ ಕುಟುಂಬದ ಹಳೆಯ ಮನೆಯಂತೆ ಕಾಣುತ್ತದೆ. ನಟ್ಟನಡುವೆ ಹಿರಿಯರ ಕೋಣೆ, ಅಲ್ಲಿ ಎಲ್ಲವನ್ನೂ ನಡೆಸುವ ಕರ್ನೆಲ್. ಎಡಬಲದ ಸಾಲುಕೋಣೆಗಳಲ್ಲಿ ಡ್ರೈವರುಗಳು, ಮುದ್ರಣಯಂತ್ರಕ್ಕೊಂದು, ಪರದೆಗೊಂದು, ಮೌಸ್‌ಗೊಂದು. ಹಿತ್ತಿಲ ಅಡುಗೆಮನೆಯಲ್ಲಿ ಸಲಕರಣೆಗಳು. ಯಾವ ಕೋಣೆಯ ದೀಪ ಮೊದಲು ಹಚ್ಚಬೇಕು, ಯಾವುದು ಆಮೇಲೆ ಎಂದು ಬಾಗಿಲಿಗೆ ಅಂಟಿಸಿದ ಪಟ್ಟಿ. ಎಲ್ಲ ಕೋಣೆಗಳನ್ನೂ ಗುಡಿಸಿ ನೋಡಿದ್ದೆ. ಕಸವಿರಲಿಲ್ಲ.

ಚಿಕ್ಕಂದಿನಲ್ಲಿ ಅಮಾ, ನನ್ನಜ್ಜಿ, ಹೇಳುತ್ತಿದ್ದಳು: ಬೆಟ್ಟಕ್ಕೆ ಹೋದವರನ್ನು ಮೋಸಿನಾ ಎಂಬ ಗಿಡ್ಡ ಭೂತ ಕೈಹಿಡಿದು ಸುತ್ತಿಸುತ್ತದೆ. ನಡೆದಷ್ಟೂ ಅದೇ ಬಿದಿರುಮೆಳೆ. ಹಸಿವಾದರೆ ಬಿಸಿ ಶ್ಯಾವಿಗೆಯನ್ನೂ ಕೊಡುತ್ತದೆ. ಬೆಳಗಾದ ಮೇಲೆ ನೋಡಿದರೆ ಬಾಯಿತುಂಬ ಹುಲ್ಲು, ಮಿಡತೆಯ ಕಾಲು. ಎರಡು ದಿನಗಳಿಂದ ನನ್ನ ಬಾಯಲ್ಲೂ ಅದೇ ರುಚಿ.

"ಅಕ್ಕಿ ಸರಿಯಿದೆ," ನನಗೆ ನಾನೇ ಹೇಳಿಕೊಂಡೆ. "ಅಡುಗೆ ಮಾಡೋ ಕ್ರಮವೂ ಸರಿಯಿದೆ. ಆದರೂ ಅನ್ನ ವಿಷ."

"ಹಂಗಾದ್ರೆ ಪಾತ್ರೆ ತೊಳೆದಿಲ್ಲ." ಯಾಜು ಅಕ್ಕ ಬಾಯಲ್ಲಿ ಅನ್ನವಿಟ್ಟುಕೊಂಡೇ ಅಂದಳು.

ನಾನು ಅವಳನ್ನು ನೋಡಿದೆ. ಅವಳು ಅಗಿಯುವುದನ್ನು ನಿಲ್ಲಿಸಿದಳು.

"ಏನು? ನಾನೇನಂದೆ?"

ಪಾತ್ರೆ. ಕಂಪೈಲರ್! ಮನುಷ್ಯರು ಬರೆದ ಸಾಲುಗಳನ್ನು ಯಂತ್ರದ ಭಾಷೆಗೆ ಬೇಯಿಸಿ ಕೊಡುವ ಸಲಕರಣೆ. ಬೇಯಿಸುವ ಮುಂಚೆ ಯಂತ್ರ ತಾನೇ ತನ್ನ ಕಂಪೈಲರನ್ನು ಪರೀಕ್ಷಿಸಿ 'ಸರಿ' ಎನ್ನುತ್ತಿತ್ತು. ಆರು ಸಲವೂ ಅಂದಿತ್ತು. ಆದರೆ ಪರೀಕ್ಷೆಯ ಪಟ್ಟಿ ಇದ್ದದ್ದೂ ಅದೇ ಯಂತ್ರದಲ್ಲಿ. ಕಳ್ಳನ ಮನೆಯಲ್ಲಿ ಕಳ್ಳನ ಕೈಲೇ ಹಾಜರಿ ತೆಗೆಸುತ್ತಿದ್ದೆ!

ತೈನಾನ್‌ನ ಕಂಪೈಲರಿನ ಬೆರಳಚ್ಚು ತರಿಸಿಕೊಂಡು ಪಕ್ಕಪಕ್ಕ ಇಟ್ಟೆ. ಎರಡೂ ಬೇರೆ.

"ಅಯ್ಯೋ," ಎಂದಳು ಯಾಜು ಅಕ್ಕ. ಡಬ್ಬಿಯ ಮುಚ್ಚಳ ಹಾಕಿದಳು. ಅದು ಅವಳ ಮಟ್ಟಿಗೆ ದೊಡ್ಡ ಘಟನೆ.

"ಪಂಜರದ ಬೀಗ ತೆಗಿ."

ನಾವಿರುವುದು ನಾಲ್ಕನೇ ಮಹಡಿ. ನಾಲ್ಕು ಎಂದರೆ ಸಾವಿನ ಅಂಕಿಯೆಂದು ಯಾರೂ ಬರದ ಕಾರಣ ಸಂಘಕ್ಕೆ ಸಿಕ್ಕ ಜಾಗ. ಕೋಣೆಯ ಮೂಲೆಯಲ್ಲಿ ಕಬ್ಬಿಣದ ಜಾಲರಿಯ ಪಂಜರ, ಅದರೊಳಗೆ ಕಟ್ಟುವ ಯಂತ್ರ. ಕೆಲಸ ಕೊಡುವುದೆಲ್ಲ ಹೊರಗಿನಿಂದಲೇ. ಆದರೆ ಕಂಪೈಲರ್ ಇರುವ ಡಿಸ್ಕಿಗೆ ಬರೆಯಬೇಕಾದರೆ ಯಂತ್ರದ ಬೆನ್ನಿನ ಗುಂಡಿಯನ್ನು ಬೆರಳಿಂದಲೇ ಒತ್ತಬೇಕು. ಅಂದರೆ ಯಾರೋ ಒಳಗೆ ಹೋಗಿದ್ದಾರೆ.

ಬೀಗದ ಕೈ ಇರುವುದು ಮೂವರ ಬಳಿ. ಯಾಜು ಅಕ್ಕ, ಚಿಹಾವ್ ಅಣ್ಣ, ಮತ್ತು ಶಿಹುವನ್ನು ಹುಟ್ಟುಹಾಕಿದ ಗು ಮೇಷ್ಟ್ರು. ಒಬ್ಬೊಬ್ಬರೇ ಹೋಗುವಂತಿಲ್ಲ. ಇಬ್ಬರು ಹೋಗಬೇಕು, ಪುಸ್ತಕದಲ್ಲಿ ಇಬ್ಬರ ಸಹಿ ಬೀಳಬೇಕು. ಪುಸ್ತಕದ ಕೊನೆಯ ಸಾಲು ಫೆಬ್ರವರಿ ಇಪ್ಪತ್ತನಾಲ್ಕು, ಹೊಸವರ್ಷದ ರಜೆ ಮುಗಿಸಿ ಕೆಲಸ ಶುರುಮಾಡಿದ ದಿನ. ಸಹಿ: ಗು, ವೆನ್. ಆಮೇಲೆ ಯಾರೂ ಇಲ್ಲ.

"ಪುಸ್ತಕ ಏನು ಹೇಳುತ್ತೆ? ಕೊನೇಲಿ ಹೋದವನು ಚಿಹಾವೇ," ಎಂದಳು ಯಾಜು ಅಕ್ಕ. "ಬೇಜಾರು ಮಾಡ್ಕೋಬೇಡ."

ನನಗೆ ಅಳು ಬರುವಷ್ಟು ರೇಗಿತು. ಏನೇ ಹುಡುಕಿದರೂ ದಾರಿ ಅವನ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು. ಪಂಜರದೊಳಗೆ ನಿಂತು ಯಂತ್ರದ ಬೆನ್ನು ನೋಡಿದೆ, ಗುಂಡಿ ನೋಡಿದೆ, ತಂತಿಗಳನ್ನು ನೋಡಿದೆ. ಏನೂ ಇಲ್ಲ. ಯಂತ್ರದ ನೆತ್ತಿಗೆ ಹಣೆ ಊರಿ ಕಣ್ಣು ಮುಚ್ಚಿದೆ. ಹಣೆಗೆ ಪ್ಲಾಸ್ಟಿಕ್ ಪೊಟ್ಟಣ ಸರಪರ ಅಂದಿತು.

ಹಸಿರು ಪೊಟ್ಟಣ. ನಮ್ಮಲ್ಲಿ ಇದಿಲ್ಲದ ಸರ್ವರ್ ಇಲ್ಲ. ತೆಂಗಿನಕಾಯಿ ರುಚಿಯ ಜೋಳದ ಕುರುಕಲು. ಹೆಸರಿನ ಅರ್ಥವೇ 'ಜಾಣಮರಿ, ಹೇಳಿದ ಮಾತು ಕೇಳು'. ಯಂತ್ರದ ಮೇಲಿಟ್ಟರೆ ಯಂತ್ರ ಹಟ ಮಾಡುವುದಿಲ್ಲ. ಬಣ್ಣ ಹಸಿರೇ ಆಗಬೇಕು. ಹಳದಿ ಇಟ್ಟರೆ ಕೆಡುತ್ತದೆ, ಕೆಂಪು ಇಟ್ಟರೆ ಸುಡುತ್ತದೆ. ಯಾರೂ ತಿನ್ನಕೂಡದು. ಎಲ್ಲಕ್ಕಿಂತ ಮುಖ್ಯ, ಅವಧಿ ಮೀರಿದ ಪೊಟ್ಟಣ ಯಂತ್ರದ ಮೇಲೆ ಒಂದು ದಿನವೂ ಇರಕೂಡದು.

ಪೊಟ್ಟಣ ತಿರುಗಿಸಿದೆ. ಅವಧಿ: ನವೆಂಬರ್ ಆರು.

"ಅಕ್ಕಾ, ಕೆಲಸ ಶುರುಮಾಡಿದ ದಿನದ ಫೋಟೋ ಎಲ್ಲಿ?"

ಗೋಡೆಯ ಮೇಲೇ ಇತ್ತು. ಗು ಮೇಷ್ಟ್ರು ಊದುಬತ್ತಿ ಹಿಡಿದು, ಚಿಹಾವ್ ಅಣ್ಣ ಹಲ್ಲು ಕಿರಿದು, ನಡುವೆ ಯಂತ್ರ. ಅದರ ನೆತ್ತಿಯ ಪೊಟ್ಟಣದ ಮೇಲೆ ಮಸಿಯಲ್ಲಿ ಬರೆದ ಹಾರೈಕೆ, ಅದರಡಿ ಅವಧಿಯ ದಿನಾಂಕ. ಫೋನಿನಲ್ಲಿ ಹಿಗ್ಗಿಸಿದೆ. ಮಾರ್ಚ್ ಹದಿನೆಂಟು.

ಈಗಿರುವ ಪೊಟ್ಟಣದ ಮೇಲೆ ಹಾರೈಕೆಯೇ ಇಲ್ಲ.

ಯಾಜು ಅಕ್ಕ ಪೊಟ್ಟಣವನ್ನೂ ಫೋಟೋವನ್ನೂ ನೋಡಿದಳು. ನಿಧಾನವಾಗಿ ನಗತೊಡಗಿದಳು. "ಕಳ್ಳ ಬಂದು ಕದ್ದು, ಹೋಗ್ತಾ ದೇವರಿಗೆ ದೀಪ ಹಚ್ಚಿ ಹೋದ!"

"ಹೊರಗಿನವನಾಗಿದ್ರೆ ಪೊಟ್ಟಣದ ಕಡೆ ತಿರುಗಿಯೂ ನೋಡ್ತಿರಲಿಲ್ಲ. ಇದು ನಮ್ಮವರೇ. ಮುಟ್ಟಬಾರದ್ದನ್ನ ಮುಟ್ಟೋಕೆ ಬಂದವರು, ಅವಧಿ ಮೀರಿದ ಪೊಟ್ಟಣ ಕಂಡ ತಕ್ಷಣ ಕೈ ತಡೀಲಾರದೆ ಬದಲಾಯಿಸಿ ಹೋಗಿದಾರೆ. ಹೇಳು, ಚಿಹಾವ್ ಅಣ್ಣ ಮಾಡೋ ಕೆಲಸವಾ ಇದು?"

ಅವಳು ತಲೆಯಾಡಿಸಿದಳು. ಆರು ವರ್ಷಗಳ ಹಿಂದೆ ಶಿಹುವಿನ ಹೊಸ ಆವೃತ್ತಿಯ ಬಿಡುಗಡೆ ಪಾರ್ಟಿಯಲ್ಲಿ ಯಂತ್ರದ ಮೇಲಿನ ಪೊಟ್ಟಣ ಒಡೆದು, ಎಲ್ಲರ ಎದುರೇ ಕುರುಕುರು ತಿಂದು ಮುಗಿಸಿದ ಪುಣ್ಯಾತ್ಮ ಅವನು. ಮರುದಿನ ಯಂತ್ರದ ಪವರ್ ಸಪ್ಲೈ ಸುಟ್ಟಿತು. 'ಕಾಕತಾಳೀಯ' ಎಂದು ಅವನು ಇವತ್ತಿಗೂ ಹೇಳುತ್ತಾನೆ. ಗು ಮೇಷ್ಟ್ರು ಎರಡು ವಾರ ಅವನ ಜೊತೆ ಮಾತು ಬಿಟ್ಟಿದ್ದರು.

"ಹಂಗಂದ್ರೆ ಉಳಿದಿದ್ದು ನಾನು," ಎಂದಳು ಯಾಜು ಅಕ್ಕ. ನಗು ನಿಂತಿತ್ತು. "ಬಾ, ನೋಡು." ಕಪಾಟಿನ ಕೆಳಗಿಂದ ಪೆಟ್ಟಿಗೆ ಎಳೆದಳು. ಅವಳೇ ಸಗಟಾಗಿ ತರಿಸಿದ ಹಸಿರು ಪೊಟ್ಟಣಗಳು, ಎಲ್ಲದರ ಮೇಲೂ ಸೆಪ್ಟೆಂಬರ್. "ನಾನು ಎಂಥಾ ಜಿಪುಣಿ ಅಂತ ನಿಂಗೊತ್ತು. ಇಷ್ಟು ಇಟ್ಕೊಂಡು ಹೊರಗಡೆ ಒಂದು ಕೊಳ್ತೀನಾ?"

ಅವಳು ಕೊಳ್ಳುವುದಿಲ್ಲ. ಅದು ನಿಜ. ಉಳಿದ ಹೆಸರನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

*

ಗು ಮಿಂಗ್‌ಯಾವ್ ಮೇಷ್ಟ್ರ ರಿಪೇರಿ ಅಂಗಡಿ ಅದೇ ಕಟ್ಟಡದ ನೆಲಮಹಡಿ, ಸೋಯಾ ಹಾಲಿನ ಅಂಗಡಿಯ ಪಕ್ಕ. ಯಾರದೋ ಅನ್ನದ ಕುಕ್ಕರನ್ನು ಬಿಚ್ಚಿಕೊಂಡು ಕೂತಿದ್ದರು.

"ಬಂದ್ಯಾ ಆಶುವಾನ್. ಊಟ ಆಯ್ತಾ?"

"ಆಯ್ತು ಮೇಷ್ಟ್ರೇ." ಆಗಿರಲಿಲ್ಲ.

"ಸುಳ್ಳು. ಮುಖ ಒಣಗಿದೆ. ಆ ಡಬ್ಬೀಲಿ ಅನಾನಸ್ ಬಿಸ್ಕತ್ತಿದೆ, ತಗೋ."

ಡಬ್ಬಿಯ ಪಕ್ಕದಲ್ಲೇ ಅವರ ಹಳೆಯ ಅಳತೆಯಂತ್ರ. ಅದರ ತಲೆಯ ಮೇಲೊಂದು ಹಸಿರು ಪೊಟ್ಟಣ. ಬಿಸ್ಕತ್ತು ಬಿಟ್ಟು ಪೊಟ್ಟಣ ತೆಗೆದುಕೊಂಡೆ. ನವೆಂಬರ್ ಆರು.

ಅವರು ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ. ಆದರೆ ತಿರುಗಿಸುವುದನ್ನು ನಿಲ್ಲಿಸಿದರು.

"ಮೇಷ್ಟ್ರೇ, ಪಂಜರದೊಳಗೆ ಯಾವಾಗ ಹೋಗಿದ್ರಿ?"

"ಪುಸ್ತಕದಲ್ಲಿದೆಯಲ್ಲ."

"ಪುಸ್ತಕದಲ್ಲಿ ಇಲ್ಲದ ದಿನ ಕೇಳ್ತಿದೀನಿ."

ಹೊರಗೆ ಸ್ಕೂಟರುಗಳು ಸಿಗ್ನಲ್ ಬಿಟ್ಟು ಭುರ್ರನೆ ಹೊರಟವು. ಅವರ ಮುಖದಲ್ಲಿ ಕಾಣಿಸಿದ್ದು ಭಯ ಅಲ್ಲ, ದಣಿವು.

"ಹತ್ತು ದಿನ ಮೀರಿತ್ತು ಕಣೇ," ಎಂದರು ಕೊನೆಗೆ. "ಹತ್ತು ದಿನ! ಯಾರೂ ನೋಡಿರಲಿಲ್ಲ. ಅದನ್ನ ಹಾಗೇ ಬಿಟ್ಟು ಹೆಂಗೆ ಬರ್ಲಿ? ಇಳಿದು ಬಂದು ಇಲ್ಲಿಂದ ಒಂದು ತಗೊಂಡೋಗಿ ಇಟ್ಟೆ."

"ಪೊಟ್ಟಣಕ್ಕೋಸ್ಕರ ಹೋಗಿದ್ದಲ್ಲ ನೀವು."

"ಅಲ್ಲ."

"ಕಂಪೈಲರ್ ಬದಲಾಯಿಸಿದ್ದು ನೀವೇನಾ?"

"ನಾನೇ."

ನನಗೆ ಕೂಗಬೇಕೆನಿಸಿತು. ಕೂಗಿದೆ ಕೂಡ. "ಒಂದು ವಾರದಿಂದ ಅವನನ್ನ ಹರಿದು ತಿಂತಿದಾರೆ ಮೇಷ್ಟ್ರೇ! ನೀವು ಇಲ್ಲಿ ಕುಕ್ಕರ್ ಬಿಚ್ತಾ ಕೂತಿದೀರಾ? ಒಂದೇ ಒಂದು ಮಾತು ಆಡಿದ್ರೆ..."

"ಆಡಿದ್ರೆ ಅವನು ಮುಳುಗ್ತಾನೆ!" ಅವರೂ ಕೂಗಿದರು. ಸೋಯಾ ಹಾಲಿನ ಅಂಗಡಿಯ ಹೆಂಗಸು ಇಣುಕಿ ನೋಡಿ ಹೋದಳು. ಮೇಷ್ಟ್ರು ದನಿ ತಗ್ಗಿಸಿದರು. "ಕಳಿಸಿದ್ದು ಅವನೇ, ಆಶುವಾನ್. ಮಾರ್ಚ್ ಕೊನೇಲಿ ಶಿಹು ಕಟ್ಟೋ ಬಿಲ್ಡ್ ದಿನಾ ಅರ್ಧಕ್ಕೆ ಮುರೀತಿತ್ತು, ನೆನಪಿದೆಯಾ? ಒಂದು ಡ್ರೈವರ್ ಬೇಯ್ತಾನೇ ಇರಲಿಲ್ಲ. ಅವನು ತೈನಾನ್‌ನಲ್ಲಿ, ಅವನ ತಾಯಿಗೆ ಆಪರೇಶನ್. ಆಗ ಒಂದು ಪಾರ್ಸೆಲ್ ಬಂತು. ಒಳಗೆ ಒಂದು ಪೆನ್ ಡ್ರೈವು, ಒಂದು ಚೀಟಿ. 'ಮೇಷ್ಟ್ರೇ, ಸರಿಮಾಡಿದ ಕಂಪೈಲರ್ ಇದು, ಹಾಕಿಬಿಡಿ. ನನ್ನಿಂದ ತಡವಾಯ್ತು ಅಂತ ನಾಚಿಕೆ, ಪುಸ್ತಕದಲ್ಲಿ ಬರೀಬೇಡಿ.' ಬರೀಲಿಲ್ಲ. ಬಿಲ್ಡ್ ಆಯ್ತು."

"ಫೋನ್ ಮಾಡಿ ಕೇಳಬಹುದಿತ್ತಲ್ಲ!"

"ಆಸ್ಪತ್ರೇಲಿ ತಾಯಿ ಪಕ್ಕ ಕೂತಿರೋ ಮಗನಿಗೆ ಫೋನ್ ಮಾಡಿ ಪೆನ್ ಡ್ರೈವ್ ವಿಚಾರ ಕೇಳ್ತಾರೇನೇ? ಮನುಷ್ಯರು ಮಾಡೋ ಕೆಲಸವಾ ಅದು?"

ನಾನಾಗಿದ್ದರೂ ಮಾಡುತ್ತಿರಲಿಲ್ಲ. ಕಳಿಸಿದವರಿಗೆ ಅದು ಗೊತ್ತಿತ್ತು. ಮೇಷ್ಟ್ರು ಬೀಗ ತೆಗೆಯುತ್ತಾರೆ, ಮರ್ಯಾದೆಗೆ ಅಂಜಿ ಬಾಯಿಮುಚ್ಚಿಕೊಳ್ಳುತ್ತಾರೆ, ಆಮೇಲೆ ಶಿಷ್ಯನನ್ನು ಉಳಿಸಲೆಂದು ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತಾರೆ. ಎಲ್ಲವನ್ನೂ ಲೆಕ್ಕ ಹಾಕಿದ್ದರು.

"ಪಾರ್ಸೆಲ್ ಕವರ್ ಇದೆಯಾ?"

ಮೇಷ್ಟ್ರು ಯಾವುದನ್ನೂ ಎಸೆಯುವವರಲ್ಲ. ಹಳೆಯ ತಂತಿಗಳ ಡ್ರಾಯರಿನಿಂದ ಬೂದುಬಣ್ಣದ ಕವರು ಹೊರಬಂತು. ಒಂದು ದಿನಸಿ ಅಂಗಡಿಯಲ್ಲಿ ಕೊಟ್ಟರೆ ಇನ್ನೊಂದು ಅಂಗಡಿಯಲ್ಲಿ ಸಿಗುವಂಥ ಪಾರ್ಸೆಲ್. ಮೇಲೆ ಅಂಟಿಸಿದ ಚೀಟಿಯಲ್ಲಿ ಕಳಿಸಿದವರ ಹೆಸರು: ವೆನ್ ಚಿಹಾವ್. ಕಳಿಸಿದ ಅಂಗಡಿ: ಕೀಲುಂಗ್, ಬಂದರು ರಸ್ತೆ. ಮಾರ್ಚ್ ಇಪ್ಪತ್ತೇಳು, ಬೆಳಿಗ್ಗೆ ಹತ್ತೂಕಾಲು.

"ಮೇಷ್ಟ್ರೇ, ಆಪರೇಶನ್ ಆಗಿದ್ದೇ ಇಪ್ಪತ್ತೇಳರ ಬೆಳಿಗ್ಗೆ. ನಾವೆಲ್ಲ ಹಾರೈಕೆ ಕಳಿಸಿದ್ವಿ. ಅವನು ತೈನಾನ್‌ನಲ್ಲಿದ್ದ. ಉತ್ತರದ ತುದಿಯ ಕೀಲುಂಗ್ ಎಲ್ಲಿ, ದಕ್ಷಿಣದ ತೈನಾನ್ ಎಲ್ಲಿ?"

ಅವರು ಕನ್ನಡಕ ಹಣೆಗೇರಿಸಿ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. "ನಾನು... ಹೆಸರು ನೋಡಿದ್ದೆ. ಅಂಗಡಿ ನೋಡಲೇ ಇಲ್ಲ."

"ಯಾರೋ ಅವನ ಹೆಸರಲ್ಲಿ ಕಳಿಸಿದಾರೆ. ಫೋನ್ ನಂಬರ್ ಕೂಡ ಕೊಡಲೇಬೇಕು. ತೋರ್ಸಿ, ಅದು ಅವನದಲ್ಲ ಅಂದ್ರೆ ಮುಗೀತು..."

ಅದು ಅವನದಾಗಿರಲಿಲ್ಲ.

ನನ್ನದಾಗಿತ್ತು.

ಮೂರು ವರ್ಷಗಳ ಹಿಂದೆ, ಹಳೆಯ ಕೆಲಸ ಬಿಟ್ಟಾಗ ಅದರ ಜೊತೆಗೇ ಬಿಟ್ಟುಕೊಟ್ಟ ನಂಬರು. ಹತ್ತು ಅಂಕಿಗಳನ್ನೂ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಸಂಘದ ಪಟ್ಟಿಯಲ್ಲಿ ಯೂ ಪೇಯ್‌ಶುವಾನ್ ಎಂಬ ನನ್ನ ಪೂರ್ತಿ ಹೆಸರಿನ ಮುಂದೆ ಇವತ್ತಿಗೂ ಅದೇ ಇದೆ. ಬದಲಾಯಿಸುತ್ತೇನೆ, ಬದಲಾಯಿಸುತ್ತೇನೆ ಎಂದು ಯಾಜು ಅಕ್ಕನಿಗೆ ಎಷ್ಟು ಸಲ ಹೇಳಿದ್ದೆನೋ.

"ಏನಾಯ್ತೇ?" ಎಂದರು ಮೇಷ್ಟ್ರು.

"ಏನಿಲ್ಲ. ಮೇಲೆ ಬನ್ನಿ. ಸಭೇಲಿ ನೀವೇ ಹೇಳಬೇಕು."

*

ಮೇಷ್ಟ್ರ ಮಂಡಿಗೆ ನಾಲ್ಕು ಮಹಡಿ ಎಂದರೆ ನಾಲ್ಕು ಬೆಟ್ಟ. ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡರು. ಪ್ರತಿ ತಿರುವಿನಲ್ಲೂ ನನ್ನ ಹೆಬ್ಬೆರಳು ಚೀಟಿಯ ಆ ಮೂಲೆಯ ಮೇಲೆ ಓಡಾಡಿತು. ಅಂಟು ಒಣಗಿತ್ತು. ಉಗುರಿನಿಂದ ಎಬ್ಬಿಸಿದರೆ ನಂಬರು ಕಿತ್ತು ಬರುತ್ತಿತ್ತು.

ಆದರೆ ನಂಬರಿಲ್ಲದ ಚೀಟಿಯಲ್ಲಿ ಉಳಿಯುವುದು ಅವನ ಹೆಸರು. ಕೀಲುಂಗ್‌ನಲ್ಲಿ ಗೆಳೆಯನ ಕೈಲಿ ಹಾಕಿಸಿದ ಎನ್ನುತ್ತಾರೆ, ಸಹಿ ರದ್ದು ಮಾಡುತ್ತಾರೆ. ಅವನನ್ನು ಉಳಿಸುವುದು ಆ ಹತ್ತು ಅಂಕಿಗಳು ಮಾತ್ರ. ನನ್ನನ್ನು ಮುಳುಗಿಸುವುದೂ ಅವೇ. ಎಷ್ಟು ನೀಟಾಗಿ ಕಟ್ಟಿದ್ದಾರೆ, ಎಂದುಕೊಂಡೆ. ಹಲ್ಲು ಕಚ್ಚಿದ ಶಬ್ದ ನನಗೇ ಕೇಳಿಸಿತು.

ಐದಕ್ಕೆ ಪರದೆಯ ಮೇಲೆ ಸಭೆಯ ಏಳು ಚೌಕಗಳು ತೆರೆದವು. ಒಂದರಲ್ಲಿ ಚಿಹಾವ್ ಅಣ್ಣ. ಹಿಂದೆ ಆಸ್ಪತ್ರೆಯ ಹಸಿರು ಗೋಡೆ. ಗಡ್ಡ ಬೆಳೆದಿತ್ತು. ನನ್ನನ್ನು ಕಂಡು ಹುಬ್ಬು ಹಾರಿಸಿದ. ಹತ್ತು ವರ್ಷಗಳ ಹಿಂದೆ ನನ್ನ ಮೊದಲ ಪ್ರೋಗ್ರಾಂ ಓಡದೆ ನಿಂತಾಗಲೂ ಹೀಗೇ ಹಾರಿಸಿದ್ದ.

ಮೇಷ್ಟ್ರು ಎಲ್ಲವನ್ನೂ ಹೇಳಿದರು. ನಿಂತುಕೊಂಡೇ ಹೇಳಿದರು, ತಲೆ ತಗ್ಗಿಸಿ.

"ಪೆನ್ ಡ್ರೈವಾ?" ಚಿಹಾವ್ ಅಣ್ಣನ ದನಿ ಒಡೆದಿತ್ತು. "ಮೇಷ್ಟ್ರೇ, ನಾನು ಏನೂ ಕಳಿಸಿಲ್ಲ. ಆಣೆಗೂ ಇಲ್ಲ."

"ಆಣೆ ಬೇಡ, ಸಾಕ್ಷಿ ಬೇಕು," ಎಂದಳು ಯಾಜು ಅಕ್ಕ. ಈಗ ಅವಳು ಅನ್ನ ತಿನ್ನುವ ಯಾಜು ಅಕ್ಕ ಅಲ್ಲ, ಕಾರ್ಯದರ್ಶಿ. "ಆಶುವಾನ್, ಚೀಟಿ ನಿನ್ನ ಹತ್ರ ಇದೆಯಂತಲ್ಲ. ತೋರಿಸು."

ಬೆವರಿಗೆ ಕಾಗದ ಮೆತ್ತಗಾಗಿತ್ತು. ಕ್ಯಾಮೆರಾದ ಎದುರು ಹಿಡಿದೆ, ಮೂಲೆ ಮುಚ್ಚದೆ.

"ಕಳಿಸಿದ್ದು ಕೀಲುಂಗ್‌ನಿಂದ. ಅವತ್ತು ಅಣ್ಣ ತೈನಾನ್‌ನಲ್ಲಿದ್ದ. ನಂಬರು ಅವನದಲ್ಲ. ಓದಿ."

ಯಾಜು ಅಕ್ಕ ಓದಿಕೊಂಡು ಸಂಘದ ಪಟ್ಟಿ ತೆರೆದಳು. ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿದು ಒಂದು ಕಡೆ ನಿಂತಿತು.

"ಇದು ನಿನ್ನ ನಂಬರು."

"ಹಳೇದು. ಮೂರು ವರ್ಷದ ಹಿಂದೆ ಬಿಟ್ಟಿದ್ದು. ಈಗ ಯಾರ ಹತ್ರ ಇದೆಯೋ ನಂಗೊತ್ತಿಲ್ಲ."

"ಬಿಟ್ಟಿದ್ದಕ್ಕೆ ಪುರಾವೆ?"

"ಇವತ್ತು ಇಲ್ಲ. ನಾಳೆ ಫೋನ್ ಕಂಪನಿಗೆ ಹೋಗಿ..."

"ನಾಳೆ!" ಒಂದು ಚೌಕದಲ್ಲಿ ಯಾರೋ ನಕ್ಕರು. ಚಿಹಾವ್ ಅಣ್ಣನ ಹುಬ್ಬು ಕೆಳಗಿಳಿದಿತ್ತು. ಅವನು ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ನಂಬಿಕೆಯೂ ಇತ್ತು, ಇನ್ನೇನೋ ಕೂಡ ಹುಟ್ಟುತ್ತಿತ್ತು. ಅದನ್ನು ನೋಡಲಾರದೆ ಕಣ್ಣು ತಿರುಗಿಸಿದೆ.

"ನಾಳೆ ತನಕ ಯಾಕೆ?" ಎಂದಳು ಯಾಜು ಅಕ್ಕ. ತನ್ನ ಫೋನು ತೆಗೆದು ಹತ್ತು ಅಂಕಿಗಳನ್ನು ಒಂದೊಂದಾಗಿ ಒತ್ತಿದಳು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

ನನ್ನ ಫೋನನ್ನೂ ತೆಗೆದು ಅದರ ಪಕ್ಕದಲ್ಲಿಟ್ಟೆ. ಎಲ್ಲರಿಗೂ ಕಾಣುವಂತೆ.

ರಿಂಗಾಯಿತು. ನನ್ನದು ಸುಮ್ಮನೆ ಬಿದ್ದಿತ್ತು. ಎರಡನೇ ರಿಂಗು. ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಮೂರನೆಯದು ಅರ್ಧಕ್ಕೇ ನಿಂತಿತು.

ಆ ಕಡೆಯಲ್ಲಿ ಯಾರೋ ಎತ್ತಿಕೊಂಡಿದ್ದರು. ದೂರದಲ್ಲಿ ಹಡಗಿನ ಸೀಟಿ. ಆಮೇಲೆ ಒಂದು ಹೆಣ್ಣುದನಿ, ಶಾಂತವಾಗಿ, ಸ್ವಲ್ಪ ನಿದ್ದೆಗಣ್ಣಿನಲ್ಲಿ ಇದ್ದಂತೆ.

"ಹಲೋ, ಯೂ ಪೇಯ್‌ಶುವಾನ್ ಮಾತಾಡ್ತಿರೋದು. ಶಿಹು ಸಂಘದವರಾ? ಹೇಳಿ ಯಾಜು ಅಕ್ಕಾ."